ಹೊಳೆ ನೀರಿನಲ್ಲಿ ಹೊಗೆಸೊಪ್ಪು

ಕಾವೇರಿ ದಂಡೆಯ ಆ ಮನೆಗೆ ಸುತ್ತಲಿನವರು ಇಟ್ಟ ಹೆಸರು ಕುಡುಕರ ಆಶ್ರಮ. ಅಲ್ಲಿಂದ ತೂರಾಡುತ್ತ ಹೊರಬಿದ್ದವನನ್ನು ಇದುವರೆಗೆ ಯಾರೂ ಕಂಡಿಲ್ಲ. ಆದರೂ ಹೆಸರು ಅಂಟಿಕೊಂಡಿತ್ತು.

ಒಳಗೆ ಇದ್ದದ್ದು ಒಂದು ಉದ್ದನೆಯ ಮೇಜು, ನೀಲಿ ಗಾಜಿನ ಲೋಟಗಳು, ಉಗಿಯಲು ಒಂದು ತಾಮ್ರದ ಪಾತ್ರೆ, ಇನ್ನೂರು ಸ್ಕಾಚ್ ಸೀಸೆಗಳಿದ್ದ ಬೀರು. ಮತ್ತೆ ಎಂಬತ್ತು ದಾಟಿದ ಪೆಮ್ಮಯ್ಯನವರು.

ಪೆಮ್ಮಯ್ಯನವರು ಸ್ಕಾಟ್ಲೆಂಡಿನ ಒಂದು ವಿಸ್ಕಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೂಸುವ ಕೆಲಸ ಮಾಡಿದವರು. ಯಾವ ಪೀಪಾಯಿ ಹದಕ್ಕೆ ಬಂತು, ಯಾವುದು ಇನ್ನೂ ನಾಲ್ಕು ವರ್ಷ ಮಲಗಬೇಕು ಎಂಬುದನ್ನು ಅಲ್ಲಿ ಅವರ ಮೂಗು ತೀರ್ಮಾನ ಮಾಡುತ್ತಿತ್ತು. ನಿವೃತ್ತಿಯಾದ ಮೇಲೆ ಹೊಳೆದಂಡೆಗೆ ಬಂದು ಕೂತರು. ಸ್ಕಾಚಿನ ಹುಚ್ಚಿದ್ದವರು ಕಲಿಯಲು ಹುಡುಕಿಕೊಂಡು ಬರತೊಡಗಿದರು. ಬಂದವರು ತಿಂಗಳೊಪ್ಪತ್ತಿನಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಅಲ್ಲಿ ನುಂಗುವ ಹಾಗಿರಲಿಲ್ಲ, ಉಗಿಯಬೇಕಿತ್ತು.

ಮೂರು ವರ್ಷ ನಿಂತವನು ಪರಶಿವ ಒಬ್ಬನೇ.

ಅವನು ಮನೆಯಿಂದ ದಿನಾ ಮೈಸೂರಿಗೆ ಹೋಗಿಬರುತ್ತ ಹೋಟೆಲೊಂದರ ಬಾರಿನಲ್ಲಿ ಕೆಲಸಕ್ಕಿದ್ದಾಗ ಸ್ಕಾಚಿನ ರುಚಿಗೆ ಬಿದ್ದವನು. ಕೆಲಸ ಬಿಟ್ಟು ಬಂದಾಗ ಕಂಕುಳಲ್ಲಿ ಒಂದು ನೋಟ್‌ಬುಕ್ಕಿತ್ತು. ಅದರ ಮೊದಲ ಪುಟದಲ್ಲಿ, ಈ ವಿಸ್ಕಿಯಲ್ಲಿ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಬೆಳೆಯುವ ಹೆದರ್ ಹೂವಿನ ಪರಿಮಳವಿದೆ, ನೂರಕ್ಕೆ ಎಂಬತ್ತೊಂಬತ್ತು ಅಂಕ ಎಂದು ಬರೆದಿತ್ತು.

"ಹೆದರ್ ಹೂವು ನೋಡಿದೀಯಾ?" ಎಂದು ಗುರುಗಳು ಕೇಳಿದರು.

"ಇಲ್ಲ ಗುರುಗಳೇ."

"ಮತ್ತೆ ಅದು ಲೋಟದೊಳಗೆ ಹೇಗೆ ಬಂತು?"

"ಪುಸ್ತಕದಲ್ಲಿತ್ತು."

ಗುರುಗಳು ಆ ಪುಟ ಹರಿದು, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಆಮೇಲೆ ಐದು ಲೋಟ ಮುಂದಿಟ್ಟು ಮೂಸಲು ಹೇಳಿದರು. ಅವನು ಹೆದರುತ್ತಲೇ ಐದರಲ್ಲಿ ನಾಲ್ಕು ಎಲ್ಲಿಯವು ಎಂದು ಸರಿಯಾಗಿ ಹೇಳಿದ.

"ನಾಳೆಯಿಂದ ಬಾ. ಇಲ್ಲಿ ಮೂರು ನಿಯಮ," ಎಂದರು ಗುರುಗಳು. "ಅತ್ತರು ಬಳಿದುಕೊಂಡು ಬರಬಾರದು. ಬೆಳ್ಳುಳ್ಳಿ ತಿಂದು ಬರಬಾರದು. ನಸ್ಯ ಹಾಕೋನ ನೆರಳೂ ಈ ಮೇಜಿನ ಮೇಲೆ ಬೀಳಬಾರದು. ನಸ್ಯ ಅಂದ್ರೆ ಮೂಗಿಗೆ ಜಡಿಯೋ ಬೀಗ."

ಪರಶಿವ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಅವನ ಅಪ್ಪ ಹುಣಸೂರಿನ ನಸ್ಯದ ಮರಿಬಸಪ್ಪ. ಕೆಳಗೆ ನಸ್ಯದ ಅಂಗಡಿ, ಮೇಲೆ ಮನೆ. ತುಪ್ಪದಲ್ಲಿ ಹುರಿದ ಹೊಗೆಸೊಪ್ಪು, ಅದಕ್ಕೆ ಹಾಕಿ ತಿಕ್ಕುವ ಸುಣ್ಣ, ಇವುಗಳ ನಡುವೆಯೇ ಅವನು ಹುಟ್ಟಿದ್ದು, ನಡೆಯಲು ಕಲಿತದ್ದು, ಎಸ್ಸೆಸ್ಸೆಲ್ಸಿಗೆ ಓದಿದ್ದು.

"ನಿಮ್ಮಪ್ಪ ಏನು ಮಾಡ್ತಾರೆ?" ಎಂದು ಗುರುಗಳು ಕೇಳಿದಾಗ ಅವನು, "ವ್ಯಾಪಾರ," ಎಂದ.

ಸುಳ್ಳೇನಲ್ಲ. ನಿಜವೂ ಅಲ್ಲ. ಅಂದಿನಿಂದ ಅವನು ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮನೆಗೆ ಹೋಗುತ್ತಿದ್ದ.

ಮರಿಬಸಪ್ಪನಿಗೆ ಮಗನ ವಿದ್ಯೆ ಏನೆಂದು ಗೊತ್ತಿತ್ತು. "ಬಾಯಿಗೆ ಹಾಕ್ಕೊಂಡು ಉಗಿಯೋದಕ್ಕೆ ಗುರು ಬೇರೆ ಬೇಕೇನೋ? ರಾಗಿ ಸರಿ ತಿನ್ಸುವಾಗ ಒಂದೇ ದಿನದಲ್ಲಿ ಕಲಿತುಬಿಟ್ಟಿದ್ದೆಯಲ್ಲೋ!" ಎಂದು ಗಿರಾಕಿಗಳ ಎದುರೇ ನಗುತ್ತಿದ್ದ. ಆದರೆ ಬೇಡ ಎಂದವನಲ್ಲ.

ಒಂದು ದಿನ ಅವನು ಹೇಳದೆ ಕೇಳದೆ ಹೊಳೆದಂಡೆಗೆ ಬಂದ. ಕೈಯಲ್ಲಿ ಚಕ್ಕುಲಿ ಡಬ್ಬ, ಮೈಮೇಲೆ ಸದಾ ತೊಡುತ್ತಿದ್ದ ಕಂದು ಕೋಟು. ಪರಶಿವ ಕಿಟಕಿಯಿಂದ ನೋಡಿದವನೇ ಓಡಿಹೋಗಿ ಗೇಟಿನ ಹೊರಗೇ ತಡೆದ.

"ಒಳಗೆ ಪಾಠ ನಡೀತಿದೆ ಅಪ್ಪ."

"ಗುರುಗಳಿಗೊಂದು ನಮಸ್ಕಾರ ಹೇಳಿ ಹೋಗ್ತೀನಿ ಕಣೋ."

"ಇವತ್ತು ಬೇಡ. ಇನ್ನೊಂದು ದಿನ."

ಮರಿಬಸಪ್ಪ ಮಗನ ಮುಖ ನೋಡಿದ. ಡಬ್ಬ ಅವನ ಕೈಗಿಟ್ಟ. "ಹೊಳೆ ಚೆನ್ನಾಗಿದೆ," ಎಂದ. ಬಂದ ದಾರಿಯಲ್ಲೇ ಬಸ್ಸಿಗೆ ನಡೆದ.

ಆ ಇನ್ನೊಂದು ದಿನ ಬರಲಿಲ್ಲ. ಆಷಾಢದಲ್ಲಿ ಮರಿಬಸಪ್ಪ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತಲ್ಲೇ ಹೋಗಿಬಿಟ್ಟ.

ಪರಶಿವ ಅಂಗಡಿಗೆ ಬೀಗ ಹಾಕಿದ. ಆ ಮನೆಯಲ್ಲಿ ಒಬ್ಬನೇ ಮಲಗಲು ಅವನಿಂದ ಆಗಲಿಲ್ಲ. ಅಪ್ಪನ ಕಂದು ಕೋಟು ತೊಟ್ಟುಕೊಂಡು ಹೊಳೆದಂಡೆಗೇ ಬಂದು ಉಳಿದ. ಗುರುಗಳು ಮೂಲೆಯಲ್ಲೊಂದು ಚಾಪೆ ಹಾಸಿಕೊಟ್ಟರು.

ಎರಡು ತಿಂಗಳಾದ ಮೇಲೆ ಗುರುಗಳು ಹೇಳಿದರು, "ಬರೋ ಭಾನುವಾರ ಮೈಸೂರಿಂದ ಹನ್ನೆರಡು ಜನ ಸ್ಕಾಚ್ ಪ್ರಿಯರು ಬರ್ತಾರೆ. ಅವರ ಮುಂದೆ ನೀನು ಐದು ಲೋಟ ಮೂಸಿ, ಒಂದಕ್ಕೊಂದು ಹೋಲಿಸಿ, ಯಾವುದು ಎಲ್ಲಿಯದು ಅಂತ ಹೇಳು. ಹೇಳಿದರೆ ಬೀರುವಿನ ಕೀಲಿ ನಿನ್ನದು."

"ಹೇಳದಿದ್ದರೆ?"

"ಸೀಸೆಗಳನ್ನ ಬಂದವರಿಗೆ ಹಂಚಿ ಬಾಗಿಲು ಹಾಕ್ತೀನಿ. ನನಗೂ ವಯಸ್ಸಾಯ್ತು."

ಪರಶಿವನಿಗೆ ಆ ರಾತ್ರಿ ಸಂತೋಷಕ್ಕೆ ನಿದ್ದೆ ಹತ್ತಲಿಲ್ಲ. ಅಪ್ಪ ಹೋದ ಮೇಲೆ ಅವನಿಗೆ ತನ್ನದು ಎಂದು ಉಳಿದಿದ್ದದ್ದು ಈ ಮೇಜು, ಈ ಬೀರು, ಈ ಗುರು.

ಶುಕ್ರವಾರ ಬೆಳಿಗ್ಗೆ ಗುರುಗಳು ಹೊಸ ಸೀಸೆಯೊಂದನ್ನು ತೆರೆದರು. ತಮ್ಮ ಮನೆತನದ ಪದ್ಧತಿಯಂತೆ ಬಾಳೆಲೆಯ ತುಂಡಿನ ಮೇಲೆ ಮೊದಲ ನಾಲ್ಕು ಹನಿ ಹಿರಿಯರಿಗೆಂದು ಬಿಟ್ಟರು.

"ನಿನ್ನ ಹಿರಿಯರಿಗೆ?" ಎಂದು ಎಂದಿನಂತೆ ಕೇಳಿದರು.

"ನಮ್ಮಲ್ಲಿ ಕುಡಿಯೋರಿಲ್ಲ ಗುರುಗಳೇ," ಎಂದು ಪರಶಿವನೂ ಎಂದಿನಂತೆ ಹೇಳಿದ.

ಮೊದಲ ಲೋಟ. ಸ್ಪೇ ಎಂಬ ಹೊಳೆಯ ದಂಡೆಯಲ್ಲಿ ಮಾಡುವ ವಿಸ್ಕಿ. ಹೋದ ವರ್ಷ ಅವನೇ ಅದಕ್ಕೆ ಜೇನು, ಒಣದ್ರಾಕ್ಷಿ, ಹೊಸ ಬೆಲ್ಲದ ಪಾಕ ಎಂದು ಬರೆದಿದ್ದ.

ರೂಢಿಯಂತೆ ಕೋಟಿನ ತೋಳಿಗೆ ಒಮ್ಮೆ ಮೂಗು ತಾಗಿಸಿ ಲೋಟ ಮೂಸಿದ. ಜೇನು ಇತ್ತು. ಒಣದ್ರಾಕ್ಷಿ ಇತ್ತು. ಅವುಗಳ ಹಿಂದೆ ಇನ್ನೇನೋ ಇತ್ತು. ಹೊಗೆಸೊಪ್ಪು.

ಅವನು ಹುಬ್ಬು ಗಂಟಿಕ್ಕಿದ.

ಎರಡು ಲೋಟಗಳ ನಡುವೆ ಮೂಗು ದಣಿಯುತ್ತದೆ. ಆಗ ಮೂಸುವವನು ತನ್ನದೇ ತೋಳನ್ನು ಒಮ್ಮೆ ಮೂಸಿಕೊಳ್ಳಬೇಕು. ತನ್ನ ಮೈವಾಸನೆ ಮೂಗಿಗೆ ಪರಿಚಯದ್ದು, ಅಲ್ಲಿಗೆ ಹೋದರೆ ಅದು ಸುಧಾರಿಸಿಕೊಳ್ಳುತ್ತದೆ. ಈ ಕಸುಬಿನವರೆಲ್ಲ ಹೀಗೆ ಮಾಡುತ್ತಾರೆ. ಮೂಗನ್ನು ಮನೆಗೆ ಕಳಿಸುವುದು ಎಂದು ಗುರುಗಳು ಇದಕ್ಕೆ ಹೆಸರಿಟ್ಟಿದ್ದರು.

ಪರಶಿವ ಕೋಟಿನ ತೋಳಿಗೆ ಮೂಗು ಒತ್ತಿ ಉಸಿರೆಳೆದುಕೊಂಡ. ಎರಡನೆಯ ಲೋಟ ಎತ್ತಿದ.

ಅದು ಗುಡ್ಡದ ಸೀಮೆಯದು. ಹಸಿ ಬಾರ್ಲಿ, ಕಿತ್ತಳೆ ಸಿಪ್ಪೆ. ಅಲ್ಲೂ ಹೊಗೆಸೊಪ್ಪು.

ಮತ್ತೆ ತೋಳು ಮೂಸಿಕೊಂಡ. ಮೂರನೆಯದು ಐಲಾ ದ್ವೀಪದ್ದು. ಸುಟ್ಟ ಮಣ್ಣಿನ ಹೊಗೆ, ಆಸ್ಪತ್ರೆಯ ಟಿಂಚರು, ಸಮುದ್ರದ ಉಪ್ಪು. ಇವೆಲ್ಲವನ್ನೂ ತಳ್ಳಿಕೊಂಡು ಮುಂದೆ ಬಂದು ನಿಂತದ್ದು ಅದೇ ಹೊಗೆಸೊಪ್ಪು. ಜೊತೆಗೆ ತುಪ್ಪ ಬೇರೆ.

ಅವನು ನೋಟ್‌ಬುಕ್ ತಿರುವಿದ. ಆಷಾಢದವರೆಗೆ ಬರೆದ ನೂರನಲವತ್ತು ಟಿಪ್ಪಣಿಗಳಲ್ಲಿ ಹೊಗೆಸೊಪ್ಪು ಎಂಬ ಮಾತು ಒಂದೇ ಒಂದು ಕಡೆಯೂ ಇರಲಿಲ್ಲ. ಶ್ರಾವಣದಿಂದೀಚೆಗೆ ಬರೆದ ಒಂಬತ್ತರಲ್ಲಿ ಅದಿಲ್ಲದ ಪುಟವೇ ಇರಲಿಲ್ಲ. ಬರೆಯುವಾಗ ಅದು ಆಯಾ ಸೀಸೆಯದೇ ಗುಣ ಎಂದುಕೊಂಡಿದ್ದ.

ಇಷ್ಟು ಕಣ್ಣಿಗೆ ಕಂಡರೂ ಬುದ್ಧಿಗೆ ಹೊಳೆಯಲಿಲ್ಲ. ಗಾಬರಿಯಲ್ಲಿದ್ದವನಿಗೆ ಹತ್ತಿರದ್ದಕ್ಕಿಂತ ದೂರದ್ದೇ ಬೇಗ ಕಾಣುತ್ತದೆ.

"ಗುರುಗಳೇ, ಯಾರೋ ಸೀಸೆಗಳನ್ನ ಕೆಡಿಸಿದ್ದಾರೆ," ಎಂದ.

"ಹೌದಾ?"

"ಎಲ್ಲದರಲ್ಲೂ ಹೊಗೆಸೊಪ್ಪಿನ ವಾಸನೆ. ಬೇರೆ ಏನನ್ನೋ ಬೆರೆಸಿದ್ದಾರೆ. ಮೊದಲು ಹೀಗಿರಲಿಲ್ಲ."

"ಬೀರುವಿನ ಕೀಲಿ ಯಾರ ಹತ್ರ ಇದೆ?"

"ನಿಮ್ಮ ಹತ್ರ."

"ಅಂದ್ರೆ ಬೆರೆಸಿದ್ದು ನಾನೇ."

ಪರಶಿವ ಹೌದು ಎನ್ನಲಾರ, ಅಲ್ಲ ಎಂದರೆ ಮಾತು ಸರಿಹೋಗದು. "ಪರೀಕ್ಷೆ ಮಾಡೋಕೆ ಅಂತ ಬೆರೆಸಿರಬಹುದಲ್ವಾ?" ಎಂದು ತೊದಲಿದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಗುರುಗಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಅವರು ಅಡುಗೆಮನೆಗೆ ಹೋಗಿ ನಾಲ್ಕನೆಯ ಲೋಟ ತುಂಬಿಕೊಂಡು ಬಂದರು. ನೀಲಿ ಗಾಜಾದ್ದರಿಂದ ಒಳಗಿನ ಬಣ್ಣ ಕಾಣುತ್ತಿರಲಿಲ್ಲ.

"ಇದೇನು ಹೇಳು."

ಪರಶಿವ ತೋಳು ಮೂಸಿಕೊಂಡು ಲೋಟ ಎತ್ತಿದ. ಒಂದು ಸಲ, ಎರಡು ಸಲ, ಮೂರು ಸಲ ಮೂಸಿದ.

"ಇದರಲ್ಲಿ ವಿಸ್ಕಿನೇ ಇಲ್ಲ. ಬರೀ ಹೊಗೆಸೊಪ್ಪು. ತುಪ್ಪ. ಒಂಚೂರು ಸುಣ್ಣ."

"ಕುಡಿ."

ಕುಡಿದ. ನೀರು.

"ಬೆಳಿಗ್ಗೆ ಹೊಳೆಯಿಂದ ತಂದದ್ದು," ಎಂದರು ಗುರುಗಳು.

ಪರಶಿವನಿಗೆ ಕೂತ ಬೆಂಚು ಎಲ್ಲೋ ಜಾರಿದ ಹಾಗಾಯಿತು. ಸೀಸೆಗಳು ಕೆಟ್ಟಿಲ್ಲ ಎಂದಾದರೆ ಕೆಟ್ಟಿರುವುದು ಹೊಳೆ. ಹೊಳೆಯೂ ಕೆಟ್ಟಿಲ್ಲ ಎಂದಾದರೆ? ಅದನ್ನು ಯೋಚಿಸಲು ಅವನಿಗೆ ಧೈರ್ಯ ಬರಲಿಲ್ಲ. ಮೂಗು ಹೋದವನಿಗೆ ಈ ಮನೆಯಲ್ಲಿ ಚಾಪೆಯ ಜಾಗವೂ ಇಲ್ಲ.

"ಮೇಲ್ಗಡೆ ಎಲ್ಲೋ ಹೊಗೆಸೊಪ್ಪು ತೊಳೀತಿದ್ದಾರೆ ಗುರುಗಳೇ. ಆ ಕಡೆ ಎಲ್ಲ ಹೊಗೆಸೊಪ್ಪಿನ ಹೊಲಗಳು. ಅದು ಹೊಳೆಗೆ ಬರ್ತಿದೆ. ನಾವು ಲೋಟ ತೊಳೆಯೋದೂ ಇದೇ ನೀರಲ್ಲಿ."

"ಇರಬಹುದು. ಹೋಗಿ ನೋಡು," ಎಂದರು ಗುರುಗಳು.

"ಎಷ್ಟು ದೂರ ಹೋಗಲಿ?"

"ವಾಸನೆ ನಿಲ್ಲೋ ತನಕ."

ಶನಿವಾರ ಬೆಳಕು ಹರಿಯುತ್ತಲೇ ಪರಶಿವ ಕೋಟು ತೊಟ್ಟು, ಒಂದು ನೀಲಿ ಲೋಟ ಹಿಡಿದು ಹೊಳೆಯ ಮೇಲ್ಗಡೆಗೆ ಹೊರಟ.

ಒಂದು ಫರ್ಲಾಂಗಿಗೊಮ್ಮೆ ದಂಡೆಗೆ ಇಳಿದು, ನೀರು ಮೊಗೆದು, ತೋಳು ಮೂಸಿಕೊಂಡು, ಲೋಟ ಮೂಸಿದ. ಹೊಗೆಸೊಪ್ಪು. ಬಂಡೆ ದಾಟಿ ಮೂಸಿದ. ಹೊಗೆಸೊಪ್ಪು. ಎಮ್ಮೆಗಳು ಮಲಗಿದ್ದ ಮಡುವಿನ ನೀರನ್ನೂ ಮೂಸಿದ. ಎಮ್ಮೆಯ ವಾಸನೆ ಬಂತು, ಅದರ ಬೆನ್ನಿಗೇ ಹೊಗೆಸೊಪ್ಪಿನದೂ ಬಂತು.

ತೊಳೆಯುವವರು ಮಾತ್ರ ಎಲ್ಲೂ ಕಾಣಲಿಲ್ಲ. ದಾರಿಯಲ್ಲಿ ಸಿಕ್ಕ ರೈತನೊಬ್ಬ, "ಹೊಗೆಸೊಪ್ಪನ್ನ ಯಾವನಾರ ಹೊಳೇಲಿ ತೊಳೀತಾನಾ? ಒಣಗಿಸೋಕೇ ಸಾಯ್ತೀವಿ ನಾವು," ಎಂದು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿಕೊಂಡು ಹೋದ.

ಬಿಸಿಲು ನೆತ್ತಿಗೆ ಬಂತು. ಪರಶಿವನಿಗೆ ತಲೆ ಕೆಟ್ಟು ಗೊಬ್ಬರವಾಗಿತ್ತು. ಹಿಂದಿನ ನೂರನಲವತ್ತು ಟಿಪ್ಪಣಿ ನಿಜವೋ, ಈಗಿನ ಒಂಬತ್ತು ನಿಜವೋ? ತನಗೆ ಮೂಗು ಇತ್ತೋ, ಇರಲೇ ಇಲ್ಲವೋ? ನಾಳೆ ಹನ್ನೆರಡು ಜನರ ಮುಂದೆ ಐದು ಲೋಟಕ್ಕೂ ಹೊಗೆಸೊಪ್ಪು ಎಂದರೆ ಅವರು ನಗುತ್ತಾರೆ. ನಗಲಿ. ಗುರುಗಳು ನಗುವುದಿಲ್ಲವಲ್ಲ, ಅದನ್ನು ನೋಡಿ ಸಹಿಸುವುದು ಹೇಗೆ?

ಒಂದು ಕಲ್ಲಿನ ಮೇಲೆ ಕೂತು ಮತ್ತೆ ಲೋಟ ಮೂಸಿದ.

"ಏನಣ್ಣೋ, ನೀರ್ ಮೂಸ್ತಾ ಕುಂತಿದ್ದೀಯಲ್ಲ, ಏನಾಯ್ತು?"

ಆಚೆ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು. ಐವತ್ತರ ಆಸುಪಾಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಅಕ್ಕ, ಈ ನೀರಲ್ಲಿ ಹೊಗೆಸೊಪ್ಪಿನ ವಾಸನೆ ಬರುತ್ತಾ?"

ಅವಳು ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. "ಇಲ್ವಲ್ಲ."

"ಸರಿಯಾಗಿ ನೋಡಿ ಅಕ್ಕ."

ಅವಳು ನಗುತ್ತ ಎರಡು ಹೆಜ್ಜೆ ಹತ್ತಿರ ಬಂದಳು. ಬಂದವಳು ನಿಂತಳು. "ಈಗ ಬಂತು ನೋಡು. ನೀರಿಂದಲ್ಲ ಕಣಣ್ಣ, ನಿನ್ ಕೋಟಿಂದ. ನಸ್ಯದ ವಾಸ್ನೆ. ನಮ್ಮತ್ತೆ ಹಾಕೋರು. ಒಳ್ಳೆ ನಸ್ಯನೇ ಅದು, ತುಪ್ಪದಲ್ಲಿ ಹುರಿದಿರೋದು."

ಪರಶಿವ ಕೂತಲ್ಲೇ ಕಲ್ಲಾದ.

ಇಪ್ಪತ್ತಾರು ವರ್ಷ ಆ ವಾಸನೆಯೊಳಗೇ ಇದ್ದ. ಇದ್ದಷ್ಟು ದಿನ ಅದು ಅವನ ಮೂಗಿಗೆ ಬಿದ್ದಿರಲಿಲ್ಲ, ಮೀನಿಗೆ ನೀರು ಕಾಣದ ಹಾಗೆ. ಅಂಗಡಿಗೆ ಬೀಗ ಬಿದ್ದು, ಮನೆ ಬಿಟ್ಟ ಮೇಲೆ ಮೂಗಿಗೆ ಅದು ಹೊರಗಿನದಾಗಿತ್ತು. ಅವನು ಪ್ರತಿ ಲೋಟಕ್ಕೂ ಮೊದಲು ಕೋಟಿನ ತೋಳು ಮೂಸಿ, ಅದನ್ನೇ ಹೊತ್ತುಕೊಂಡು ಹೋಗಿ ಲೋಟಕ್ಕೆ ಸುರಿಯುತ್ತಿದ್ದ.

"ತೆಗ್ದು ಕೊಡಿಲ್ಲಿ," ಎಂದಳು ಹೆಂಗಸು. "ಎರಡು ಸಲ ಕಲ್ಲಿಗೆ ಬಡಿದ್ರೆ ಹೊಂಟೋಯ್ತದೆ. ಸಂಜೆಗೆಲ್ಲ ಒಣಗ್ತದೆ."

ಅಷ್ಟೇ. ಎರಡು ಸಲ ಬಡಿದರೆ ಮುಗಿಯಿತು. ಮೂಗು ತಿಳಿಯಾಗುತ್ತದೆ, ನಾಳೆ ಐದು ಲೋಟ ಐದೂ ಸರಿಯಾಗುತ್ತದೆ, ಕೀಲಿ ಕೈಗೆ ಬರುತ್ತದೆ. ಅಪ್ಪ ಯಾರು ಎಂಬುದು ಗುರುಗಳಿಗೆ ಎಂದೆಂದಿಗೂ ಗೊತ್ತಾಗುವುದಿಲ್ಲ.

ಪರಶಿವ ಕೋಟು ಬಿಚ್ಚಿ ಕೊಟ್ಟ.

ಅವಳು ಅದನ್ನು ಕೊಡವಿ ನೀರಿಗೆ ಇಳಿಸಿದಳು. ಮೊದಲು ಒಂದು ತೋಳು ಮುಳುಗಿತು. ಅದರಿಂದ ತಿಳಿಕಂದು ಬಣ್ಣ ಎಳೆಯಾಗಿ ಬಿಟ್ಟುಕೊಂಡು ಹೊಳೆಯಲ್ಲಿ ಹೋಗತೊಡಗಿತು. ಹೊಳೆ ಚೆನ್ನಾಗಿದೆ ಎಂದು ಅಪ್ಪ ಹೇಳಿದ್ದು ಪರಶಿವನಿಗೆ ನೆನಪಾಯಿತು.

"ಬೇಡ!" ಎಂದು ಅವನು ನೀರಿಗೆ ಧುಮುಕಿ ಕೋಟನ್ನು ಕಿತ್ತುಕೊಂಡ.

ನೆನೆದ ತೋಳು ಮೂಸಿದ. ನೀರು, ಅಷ್ಟೇ. ಒಣ ತೋಳು ಮೂಸಿದ. ಅಲ್ಲಿ ಅಂಗಡಿ ಇತ್ತು. ಹುರಿಯುವ ಬಾಣಲೆ ಇತ್ತು. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದ ಅಪ್ಪನ ಕೈ ಇತ್ತು. ಗೇಟಿನಿಂದ ವಾಪಸು ಕಳಿಸಿದ ಆ ದಿನವೂ ಇತ್ತು.

ಅವನು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಗೊಳೋ ಎಂದು ಅತ್ತ. ಅಪ್ಪನನ್ನು ಮಣ್ಣು ಮಾಡಿದ ದಿನ ಅಳದೆ ಉಳಿದದ್ದೆಲ್ಲ ಆಗ ಬಂತು.

"ಅಳು ಕಣಪ್ಪ, ಅಳು," ಎಂದಳು ಹೆಂಗಸು. ಆಮೇಲೆ ತನ್ನ ಬಟ್ಟೆ ತಾನು ಒಗೆದುಕೊಂಡಳು.

ಸಂಜೆ ಅವನು ಹಿಂತಿರುಗಿದಾಗ ಗುರುಗಳು ಮೇಜಿನ ಮೇಲೆ ಮರುದಿನದ ಲೋಟಗಳನ್ನು ಒರೆಸಿಡುತ್ತಿದ್ದರು. ಪರಶಿವ ಹೊಸ್ತಿಲ ಹೊರಗೇ ನಿಂತ. ಒಂದು ತೋಳು ಒದ್ದೆ, ಒಂದು ತೋಳು ಒಣ, ಹೀಗಿದ್ದ ಕೋಟು ಅವನ ಕೈಯ ಮೇಲಿತ್ತು.

"ವಾಸನೆ ಎಲ್ಲಿ ನಿಂತಿತು?" ಎಂದು ಗುರುಗಳು ಕೇಳಿದರು.

"ನಿಲ್ಲಲಿಲ್ಲ ಗುರುಗಳೇ. ನನ್ನ ಜೊತೆ ಬರ್ತಿತ್ತು." ಅವನು ಕೋಟನ್ನು ಮುಂದೆ ಹಿಡಿದ. "ನಮ್ಮಪ್ಪ ನಸ್ಯದ ವ್ಯಾಪಾರಿ. ಹೆಸರು ಮರಿಬಸಪ್ಪ. ನಾನು ಮುಚ್ಚಿಟ್ಟೆ. ಈ ಕೋಟು ಅವರದ್ದು. ಒಗೆದರೆ ಮೂಗು ಸರಿಯಾಗುತ್ತೆ. ನನ್ನ ಕೈಲಿ ಆಗಲಿಲ್ಲ. ಕೀಲಿ ನಾಳೆ ಬೇರೆ ಯಾರಿಗಾದರೂ ಕೊಡಿ."

"ಒಳಗೆ ಬಾ."

"ನಸ್ಯದ ನೆರಳು ಮೇಜಿನ ಮೇಲೆ ಬೀಳಬಾರದು ಅಂದಿದ್ರಿ."

"ಮೂರು ವರ್ಷದಿಂದ ಬೀಳ್ತಾನೇ ಇದೆ. ಬಾ."

ಪರಶಿವ ಬಾಯಿ ಬಿಟ್ಟುಕೊಂಡು ನೋಡಿದ. "ನಿಮಗೆ ಗೊತ್ತಿತ್ತಾ?"

"ಮೂಸೋದನ್ನೇ ಕಸುಬು ಮಾಡಿಕೊಂಡವನು ನಾನು. ಮೊದಲ ದಿನ ನೀನು ಗೇಟು ತೆಗೆಯೋ ಮುಂಚೆನೇ ಗೊತ್ತಾಗಿತ್ತು."

"ಗೊತ್ತಿದ್ದೂ ಯಾಕೆ ಸೇರಿಸಿಕೊಂಡ್ರಿ?"

"ಅಷ್ಟು ನಸ್ಯ ಹೊತ್ತುಕೊಂಡು ಬಂದೋನು ಐದರಲ್ಲಿ ನಾಲ್ಕು ಸರಿ ಹೇಳಿದೆ. ನನ್ನ ನಿಯಮ ನೋಡಿ ನನಗೇ ನಾಚಿಕೆ ಆಯ್ತು."

"ಮತ್ತೆ ಯಾಕೆ ಒಂದು ಮಾತೂ ಹೇಳಲಿಲ್ಲ?"

"ನಿಮ್ಮಪ್ಪನ ಹೆಸರನ್ನ ನಿನ್ನ ಬಾಯಿಂದ ಕೇಳೋಣ ಅಂತ."

ಪರಶಿವ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಹೊರಗೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

"ಒಂದು ದಿನ ಅವರು ಬಂದಿದ್ರು ಗುರುಗಳೇ. ನಾನು ಗೇಟಿನಿಂದಾನೇ ಕಳಿಸಿಬಿಟ್ಟೆ."

"ಆವತ್ತು ಗಾಳಿ ಈ ಕಡೆಗೆ ಬೀಸ್ತಿತ್ತು," ಎಂದರು ಗುರುಗಳು. "ಒಳಗೆ ಬರ್ತಾರೆ ಅಂತ ಇನ್ನೊಂದು ಲೋಟ ತೊಳೆದಿಟ್ಟಿದ್ದೆ."

ಪರಶಿವನ ತಲೆ ತಗ್ಗಿತು. ಗುರುಗಳು ಲೋಟ ಒರೆಸುವುದನ್ನು ನಿಲ್ಲಿಸಲಿಲ್ಲ.

"ನನಗೊಂದು ಅರ್ಥ ಆಗ್ತಿಲ್ಲ," ಎಂದು ಕೊನೆಗೆ ಕೇಳಿದ. "ಮೊದಲು ಬರೆದ ನೂರನಲವತ್ತು ಸುಳ್ಳೋ, ಈಗ ಬರೆದ ಒಂಬತ್ತು ಸುಳ್ಳೋ?"

"ಅವು ಮನೇಲಿದ್ದುಕೊಂಡು ಬರೆದದ್ದು. ಇವು ಮನೆ ಬಿಟ್ಟು ಬಂದು ಬರೆದದ್ದು."

"ಹಾಗಾದ್ರೆ ಸ್ಕಾಚಿನ ನಿಜವಾದ ವಾಸನೆ ಯಾವುದು?"

"ನನಗೂ ಗೊತ್ತಿಲ್ಲ."

"ಮೂವತ್ತು ವರ್ಷ ಮೂಸಿದ ಮೇಲೂ?"

ಗುರುಗಳು ಕೈಯಲ್ಲಿದ್ದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. "ಅಲ್ಲಿಗೆ ಹೋದಾಗ ನಮ್ಮವ್ವ ಒಂದು ಕಂಬಳಿ ಕೊಟ್ಟಿದ್ಲು. ಅಡುಗೆಮನೆ ಒಲೆಯ ಮೇಲೆ ನೇತುಬಿದ್ದು ಹೊಗೆ ಹಿಡಿದಿದ್ದ ಕಂಬಳಿ. ನಾನು ಮೂಗನ್ನ ಮನೆಗೆ ಕಳಿಸ್ತಿದ್ದದ್ದು ಅಲ್ಲಿಗೇ. ಐಲಾ ದ್ವೀಪದ ವಿಸ್ಕಿ ಬಂದಾಗ ಎಲ್ಲರೂ ಹೊಗೆ ಹೊಗೆ ಅಂತಿದ್ರು. ನನಗೆ ಬರೀ ಉಪ್ಪು ಕಾಣ್ತಿತ್ತು. ಉಪ್ಪು ಕಂಡುಹಿಡಿಯೋದರಲ್ಲಿ ನನ್ನನ್ನ ಮೀರಿಸೋರಿಲ್ಲ ಅಂತ ಅವರು ಹೊಗಳ್ತಿದ್ರು."

"ಆಮೇಲೆ?"

"ಅವ್ವ ಹೋಗಿ ಎರಡು ವರ್ಷ ಆಗಿತ್ತು. ಕಂಬಳಿ ಸವೆದು ಎಸೆದಾಗಿತ್ತು. ಒಂದು ದಿನ ಲೋಟ ಎತ್ತಿದೆ. ಹೊಗೆ ಕಂಡಿತು. ಕೆಲಸಕ್ಕೆ ರಜ ಹಾಕಿ ಎರಡು ದಿನ ಮಲಗಿಬಿಟ್ಟೆ."

ಗುರುಗಳು ಲೋಟ ಕೆಳಗಿಟ್ಟು ಕೈ ಚಾಚಿದರು. ಪರಶಿವ ಕೋಟು ಕೊಟ್ಟ.

ಅವರು ಒಣ ತೋಳನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ನಲವತ್ತು ವರ್ಷದ ಸೀಸೆಯನ್ನು ಹೇಗೆ ಮೂಸುತ್ತಾರೋ ಹಾಗೆಯೇ, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಆಮೇಲೆ ಬಾಯಿ ಸ್ವಲ್ಪ ತೆರೆದು.

"ಬರ್ಕೊ," ಎಂದರು.

ಪರಶಿವ ನೋಟ್‌ಬುಕ್ಕಿನ ಹೊಸ ಪುಟ ತೆರೆದ.

"ಬಿಸಿಲಲ್ಲಿ ಒಣಗಿಸಿದ ಎಲೆ, ಹೊಗೆ ಕೊಟ್ಟದ್ದಲ್ಲ. ಎಮ್ಮೆ ತುಪ್ಪ. ಸುಣ್ಣ ಹದವಾಗಿ, ಕೈ ತಡೆದು ಹಾಕಿದ್ದು. ಎಲ್ಲೋ ಒಂಚೂರು ಏಲಕ್ಕಿ. ನಿಮ್ಮಪ್ಪ ಏಲಕ್ಕಿ ಹಾಕ್ತಿದ್ರಾ?"

"ಯಾರಿಗೂ ಹೇಳ್ತಿರಲಿಲ್ಲ ಗುರುಗಳೇ. ಬಾಗಿಲು ಹಾಕ್ಕೊಂಡು ಹಾಕ್ತಿದ್ರು."

"ಕಸುಬು ಗೊತ್ತಿದ್ದೋರು," ಎಂದರು ಗುರುಗಳು. ಕಣ್ಣು ತೆರೆದು ಕೋಟನ್ನು ಮಡಚಿದರು. ಸೊಂಟದಿಂದ ಬೀರುವಿನ ಕೀಲಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿ, ಕೋಟನ್ನು ಅವನ ಮಡಿಲಿಗಿಟ್ಟರು.

ಪರಶಿವ ತಬ್ಬಿಬ್ಬಾದ. "ನಾಳೆ ಐದು ಲೋಟ ಹೇಳೋದು ಬೇಡವಾ?"

"ಯಾವುದು ಎಲ್ಲಿಯದು ಅಂತ ಸೀಸೆ ಮೇಲೆ ಅಚ್ಚು ಹಾಕಿರ್ತಾರೆ. ಬಂದೋರಿಗೆ ಓದೋಕೆ ಬರುತ್ತೆ."

"ಆದರೆ ನಾನು ಇನ್ನು ಮೂಗನ್ನ ಎಲ್ಲಿಗೆ ಕಳಿಸಲಿ ಗುರುಗಳೇ? ಒಂದು ತೋಳು ಆಗಲೇ ಹೋಯ್ತು. ಇನ್ನೊಂದೂ ನಾಲ್ಕು ದಿನಕ್ಕೆ ಹೋಗುತ್ತೆ."

ಗುರುಗಳು ಒರೆಸಿದ ಲೋಟಗಳನ್ನು ಸಾಲಾಗಿ ಜೋಡಿಸಿದರು. ಕಿಟಕಿಯಲ್ಲಿ ಹೊಳೆಯ ಬೆಳಕು ಕಡಿಮೆಯಾಗುತ್ತಿತ್ತು.

ಪರಶಿವ ಪುಟ ನೋಡಿದ. ಎಲೆ, ತುಪ್ಪ, ಸುಣ್ಣ, ಏಲಕ್ಕಿ. ಕೆಳಗೆ ರೂಢಿಯಂತೆ ನೂರಕ್ಕೆ ಎಂದು ಬರೆದು ನಿಲ್ಲಿಸಿದ್ದ. ಮುಂದೇನು ಬರೆಯಬೇಕೆಂದು ಅವನಿಗೆ ತೋಚಲಿಲ್ಲ.

"ಅಂಕ ಎಷ್ಟು ಹಾಕಲಿ?" ಎಂದು ಕೇಳಿದ.

ಗುರುಗಳು ಬಾಳೆಲೆಯ ತುಂಡೊಂದನ್ನು ಒರೆಸಿ ಮೇಜಿನ ಮೇಲೆ ಹಾಸಿದರು.

"ಹಳೇ ಕೋಟು ಮೂಸಿ ಅಂಕ ಹಾಕೋಕಾಗಲ್ಲ. ಸೋಮವಾರ ಹೋಗಿ ಅಂಗಡಿ ಬಾಗಿಲು ತೆಗೆದು ಒಲೆ ಹಚ್ಚು. ಬರುವಾಗ ಎರಡು ಚಿಟಿಕೆ ನಸ್ಯ ತಾ. ಒಂದು ನಿಮ್ಮ ಹಿರಿಯರ ಎಲೆಗೆ, ಒಂದು ನನ್ನ ಮೂಗಿಗೆ."